ಪ್ರಕೃತಿಯ ಜೊತೆ ನಂಟಿದ್ದರೆ 'ನಾನು ಯಾರು' ಅನ್ನೋದು ಬದಲಾಗುತ್ತಾ? ಮನಸ್ಸಿಗೆ ಒಳ್ಳೆಯದಾ?

ಬದಲಾಗುತ್ತದೆ. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ತಿಮ್ಮಕ್ಕನವರನ್ನೇ ನೋಡಿ. ಹುಲಿಕಲ್–ಕುದೂರು ರಸ್ತೆಯಲ್ಲಿ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದರು. ಕೊನೆಗೆ 'ಸಾಲುಮರದ' ಅನ್ನೋದೇ ಅವರ ಹೆಸರಾಯಿತು.

ಮನಶ್ಶಾಸ್ತ್ರಜ್ಞರು ಈ ನಂಟನ್ನು ಅಳೆಯಲು ಎರಡು ವೃತ್ತ ತೋರಿಸುತ್ತಾರೆ. ಒಂದು 'ನಾನು', ಇನ್ನೊಂದು 'ಪ್ರಕೃತಿ'. ಅವು ಎಷ್ಟು ಒಂದರೊಳಗೊಂದು ಸೇರಿವೆ ಅಂತ ನೀವೇ ಆರಿಸಬೇಕು. ಇಂಥ ನಂಟು ಜಾಸ್ತಿ ಇರುವವರಲ್ಲಿ ನೆಮ್ಮದಿಯೂ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಕಾಣುತ್ತದೆ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಅಧ್ಯಯನವೊಂದು ಬಂತು. ವಾರಕ್ಕೆ 2 ಗಂಟೆಯಾದರೂ ಹಸಿರಿನ ನಡುವೆ ಕಳೆದವರಲ್ಲಿ 'ಆರೋಗ್ಯ ಚೆನ್ನಾಗಿದೆ' ಅಂದವರು ಹೆಚ್ಚು. (ಆರೋಗ್ಯವಾಗಿರೋರೇ ಜಾಸ್ತಿ ಹೊರಗೆ ಹೋಗಿರಬಹುದು, ಅದೂ ನಿಜ ಅಲ್ವಾ?)

ಆದರೆ ಸುಮ್ನೆ ದೇವರಾಯನದುರ್ಗಕ್ಕೆ ಹೋಗಿ ಸೆಲ್ಫಿ ತೆಗೆದು ಬಂದರೆ ನಂಟು ಬೆಳೆಯುವುದಿಲ್ಲ. ಗಮನ ಬೇಕು. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರೇ ಅವನ್ನು ಕಾಯುತ್ತಾರೆ. ಅವರಿಗೆ ಅವು 'ನಮ್ಮ ಹಕ್ಕಿ'.

ತುಮಕೂರಿನ ನಮ್ಮ ಬೀದಿಯಲ್ಲಿ ನಮ್ಮದು 'ಹೊಂಗೆ ಮರದ ಮನೆ'. ಯುಗಾದಿ ಹೊತ್ತಿಗೆ ಎಳೆ ಎಲೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಆಮೇಲೆ ಹೂವು ಉದುರಿ, ಅಮ್ಮ ದಿನಾ ಗುಡಿಸುತ್ತಾ ಗೊಣಗುತ್ತಿದ್ದರು. ರಸ್ತೆ ಅಗಲ ಮಾಡುವಾಗ ಮರ ಹೋಯಿತು. ಈಗಲೂ ವಿಳಾಸ ಕೇಳಿದವರಿಗೆ ಅಮ್ಮ ಹೇಳೋದು 'ಹೊಂಗೆ ಮರದ ಮನೆ' ಅಂತಲೇ.