ಬರ್ಗಂಡಿ ವೈನು ಕೈಗೆಟುಕುವ ಬೆಲೆಗೆ ಸಿಗುತ್ತದೆಯೇ?

ಬೆಂಗಳೂರಿನಲ್ಲಿ ಬರ್ಗಂಡಿಯ ಒಳ್ಳೆಯ ವೈನನ್ನು ಹೆಚ್ಚು ಹಣ ಸುರಿಯದೆ ಕೊಳ್ಳುವುದು ಸಾಧ್ಯವೇ ಎಂದು ನೀವು ಕೇಳಿದ್ದೀರಿ. ಸಾಧ್ಯವಿದೆ, ಆದರೆ ಪ್ರಸಿದ್ಧ ಊರುಗಳ ಹೆಸರನ್ನು ಬಿಟ್ಟು ತಯಾರಕರ ಹೆಸರನ್ನು ಹಿಡಿದು ಹುಡುಕಬೇಕು.

ಫ್ರಾನ್ಸಿನ ಈ ಸೀಮೆಯಲ್ಲಿ ದರ್ಜೆ ಸಲ್ಲುವುದು ದ್ರಾಕ್ಷಿ ಬೆಳೆದ ನೆಲಕ್ಕೇ ಹೊರತು ವೈನು ತಯಾರಿಸಿದವರಿಗಲ್ಲ. ತಳದಲ್ಲಿ ಇಡೀ ಸೀಮೆಯ ಹೆಸರು ಹೊತ್ತ 'ಬೂರ್ಗೋನ್' (ಬರ್ಗಂಡಿಯ ಫ್ರೆಂಚ್ ಹೆಸರು), ಅದರ ಮೇಲೆ ಊರಿನ ಹೆಸರಿನವು, ಆಮೇಲೆ ಆಯ್ದ ತೋಟಗಳ ಪ್ರೀಮಿಯೆ ಕ್ರೂ, ತುದಿಯಲ್ಲಿ ಅತ್ಯುತ್ತಮ ತೋಟಗಳ ಗ್ರಾಂ ಕ್ರೂ. ಆಸ್ತಿಯನ್ನು ಮಕ್ಕಳಿಗೆಲ್ಲ ಸಮನಾಗಿ ಹಂಚಬೇಕೆಂಬ ನೆಪೋಲಿಯನ್ ಕಾಲದ ಕಾನೂನಿನಿಂದಾಗಿ ತೋಟಗಳು ತುಂಡುತುಂಡಾಗಿವೆ. ಸುಮಾರು 50 ಹೆಕ್ಟೇರಿನ ಕ್ಲೋ ದ ವೂಜೋ ಎಂಬ ಒಂದೇ ತೋಟಕ್ಕೆ ಸುಮಾರು 80 ಮಾಲೀಕರಿದ್ದಾರೆ. ಅಲ್ಲಿಯ ಬಾಟಲಿಗಳಿಗೆ ಗ್ರಾಂ ಕ್ರೂ ಎಂಬ ಪಟ್ಟ ಸಲ್ಲುತ್ತದೆಯಾದರೂ ಒಳಗಿನ ವೈನು ಒಂದೇ ಮಟ್ಟದ್ದಲ್ಲ. ಆದ್ದರಿಂದ ಉದಾಸೀನದಿಂದ ಮಾಡಿದ ದೊಡ್ಡ ಹೆಸರಿನ ವೈನಿಗಿಂತ, ಶ್ರದ್ಧೆಯುಳ್ಳ ಬೆಳೆಗಾರನ ತಳದರ್ಜೆಯ 'ಬೂರ್ಗೋನ್' ಅನ್ನೇ ನಾನು ಆರಿಸುತ್ತೇನೆ.

ಬಿಳಿ ವೈನಿಗೆ ದಕ್ಷಿಣದ ಮಾಕೋನೆ ಪ್ರದೇಶವನ್ನು ನೋಡಿರಿ. ಅಲ್ಲಿಯ ಪುಯಿ-ಫ್ಯೂಸೆಯ 22 ತೋಟಗಳಿಗೆ 2020ರ ಬೆಳೆಯಿಂದ ಪ್ರೀಮಿಯೆ ಕ್ರೂ ದರ್ಜೆ ದೊರೆತಿದೆ. ಅದರ ಎರಡೂ ಮಗ್ಗುಲಲ್ಲಿರುವ ಸ್ಯಾನ್-ವೆರಾನ್ ಅದೇ ಶಾರ್ಡನೇ ದ್ರಾಕ್ಷಿಯಿಂದಾದರೂ ಬೆಲೆಯಲ್ಲಿ ವಿನಯವಂತ. ವಿರೆ-ಕ್ಲೆಸೆಯೂ ಹಾಗೆಯೇ. ಕೆಂಪು ಬೇಕಿದ್ದರೆ ಕೋತ್ ಶಾಲೊನೇಜ್ ಪ್ರದೇಶದ ಜಿವ್ರಿ, ಮೆರ್ಕ್ಯೂರೆ ಊರುಗಳಲ್ಲಿ ಪಿನೋ ನ್ವಾರ್ ಎಂಬ ಕಪ್ಪು ದ್ರಾಕ್ಷಿಯಿಂದ ಮಾಡಿದ ವೈನು ಉತ್ತಮ. ಅದೇ ಪ್ರದೇಶದ ಬೂಜ್ರೋನ್ ಎಂಬ ಊರು ಅಲಿಗೋಟೆ ದ್ರಾಕ್ಷಿಗೆ ಮೀಸಲು. ಆ ಹುಳಿಮುಂದಾದ ವೈನು ರವೆ ಹಚ್ಚಿ ಕರಿದ ಕಾಣೆ ಮೀನಿಗೆ ಬಹಳ ಚೆನ್ನಾಗಿ ಹೊಂದುತ್ತದೆ, ಇದನ್ನು ಫ್ರೆಂಚರು ಒಪ್ಪದಿದ್ದರೂ ಚಿಂತೆಯಿಲ್ಲ.

ನಮ್ಮಲ್ಲಿ ಈ ಆಯ್ಕೆ ಇನ್ನೂ ಮುಖ್ಯವಾಗಲು ಕಾರಣ ಆಮದು ಸುಂಕ. ಬಹುಕಾಲ ಶೇಕಡಾ 150ರಷ್ಟಿದ್ದ ಈ ಸುಂಕವನ್ನು ಬೆಲೆಯ ಮೇಲೆ ಲೆಕ್ಕಹಾಕುವುದರಿಂದ, ಅಲ್ಲಿ ಹೆಸರಿಗಾಗಿ 10 ಯೂರೋ ಹೆಚ್ಚಾದರೆ ಆ ದರದಲ್ಲಿ ಇಲ್ಲಿ ಅದು 25 ಯೂರೋ ಆಗುತ್ತದೆ. ರಾಜ್ಯದ ಅಬಕಾರಿ ತೆರಿಗೆ, ಅಂಗಡಿಯವರ ಲಾಭ ಬೇರೆ.

ಬೆಳೆಯ ವರ್ಷವನ್ನೂ ಗಮನಿಸಿರಿ. 2021ರ ಏಪ್ರಿಲಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರು ಸುಟ್ಟು ಇಳುವರಿ ಕುಸಿದಿತ್ತು, 2022 ಮತ್ತು 2023ರಲ್ಲಿ ಫಸಲು ಸಮೃದ್ಧವಾಗಿತ್ತು. ಬಿಸಿಲು ಬೀಳುವ ಕಪಾಟಿನಲ್ಲಿ ನಿಂತ ಬಾಟಲಿಯನ್ನು ರಿಯಾಯಿತಿಯಿದ್ದರೂ ಕೊಳ್ಳಬೇಡಿ.

ವಿದೇಶದಿಂದ ಬರುವ ಬಂಧುಗಳಿದ್ದರೆ, ಪ್ರಯಾಣಿಕರೊಬ್ಬರು 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಆ ಅವಕಾಶವನ್ನು ಇಲ್ಲಿ ಸುಲಭವಾಗಿ ಸಿಗುವ ವೈನಿಗೆ ವ್ಯಯಿಸದೆ ಜಿವ್ರಿಯ ಪ್ರೀಮಿಯೆ ಕ್ರೂ ತರಿಸಿಕೊಳ್ಳಿರಿ.