ಕೊಟ್ಟವರ ಮಾತು

ಕುಂಜಿಬೆಟ್ಟಿನ ಓದುಗರೊಬ್ಬರು ಮಗಳ ಮನೆಗೆಂದು ಲಂಡನ್‌ಗೆ ಹೋದಾಗ ಅಲ್ಲಿನ ವ್ಯಾಲೇಸ್ ಕಲೆಕ್ಷನ್ ಎಂಬ ಕಲಾ ಮ್ಯೂಸಿಯಂ ನೋಡಿದರಂತೆ. ‘ತೀರಿಕೊಂಡು ನೂರು ವರ್ಷ ದಾಟಿದ ಹೆಂಗಸಿನ ಉಯಿಲಿಗೆ ಒಂದು ದೇಶದ ಮ್ಯೂಸಿಯಂ ಯಾಕೆ ಕಟ್ಟುಬೀಳಬೇಕು? ಬೇಡದ್ದನ್ನು ಮಾರಿ ಹೊಸದು ಕೊಳ್ಳಬಾರದೇ?’ ಎಂದು ಕೇಳಿದ್ದಾರೆ.

ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. 1897ರಲ್ಲಿ ತೀರಿಕೊಂಡ ಲೇಡಿ ವ್ಯಾಲೇಸ್, ಮನೆತನದ ಸಂಗ್ರಹವನ್ನು ದೇಶಕ್ಕೆ ಬಿಟ್ಟುಕೊಡುವಾಗ ಅದನ್ನು ಒಟ್ಟಿಗೇ ಇಡಬೇಕು, ಬೇರೆ ಕಲಾವಸ್ತು ಬೆರೆಸಬಾರದು ಎಂದು ಬರೆದಿಟ್ಟಿದ್ದರು. ಆ ಕಾರಣಕ್ಕೇ ಅಲ್ಲಿಯ ಚಿತ್ರಗಳನ್ನು 2019ರವರೆಗೆ ಹೊರಗೆ ಎರವಲು ಕೊಡುತ್ತಿರಲಿಲ್ಲ. ಆ ಬಿಗಿ ಸಡಿಲವಾದ ಮೇಲೆ, 2020ರಲ್ಲಿ ಇಟಲಿಯ ಹಳೆಯ ಚಿತ್ರಕಾರ ಟಿಷಿಯನ್‌ನ ಒಂದು ಚಿತ್ರ ಲಂಡನ್ನಿನದೇ ನ್ಯಾಷನಲ್ ಗ್ಯಾಲರಿಗೆ ಹೋಗಿ, ಅದೇ ಸಾಲಿನ ಉಳಿದ ಚಿತ್ರಗಳ ಪಕ್ಕ ನಿಂತಿತು. ಒಳ್ಳೆಯದೇ ಆಯಿತು.

ಆದರೆ ಎರವಲು ಬೇರೆ, ಮಾರಾಟ ಬೇರೆ ಅಲ್ವಾ? ಎರವಲು ಹೋದದ್ದು ವಾಪಸ್ ಬರುತ್ತದೆ. ಮಾರಿದ್ದು ಹೋಯಿತು. ‘ಬೇಡದ್ದು’ ಎಂದು ಇವತ್ತು ತೀರ್ಮಾನಿಸುವವರು ಯಾರು? ಹರ್ಟ್‌ಫರ್ಡ್ ಎಂಬ ಶ್ರೀಮಂತ ಮನೆತನದವರೂ ಲೇಡಿ ವ್ಯಾಲೇಸರ ಗಂಡ ರಿಚರ್ಡ್ ವ್ಯಾಲೇಸರೂ ಕೂಡಿಸಿದ ಚಿತ್ರ, ಪೀಠೋಪಕರಣ, ಕತ್ತಿ, ಕವಚ ಒಂದೇ ಸೂರಿನಡಿ ಇರುವುದರಿಂದಲೇ ಅವರ ಕಣ್ಣು, ಅವರ ಆಸೆ ನಮಗೆ ಕಾಣುವುದು. ನೀವೇ ಬರೆದಿದ್ದೀರಿ, ಅಲ್ಲಿ ಮೂರು ಗಂಟೆ ಕಳೆದೆ ಎಂದು! ಟಿಕೆಟ್ಟೂ ಇಲ್ಲದೆ.

ದೂರ ಯಾಕೆ, ಬಿಜೈಯ ಶ್ರೀಮಂತಿಬಾಯಿ ಮ್ಯೂಸಿಯಂ ನೋಡಿದ್ದೀರಾ? ಕರ್ನಲ್ ಮಿರಾಜ್‌ಕರ್ ತಾಯಿಯ ನೆನಪಿಗೆ ಮನೆಯನ್ನೂ ಸಂಗ್ರಹವನ್ನೂ ಸರ್ಕಾರಕ್ಕೆ ಕೊಟ್ಟರು. 1960ರಿಂದ ಅದು ಜನರದ್ದು. ಮಂಗಳೂರಿನಲ್ಲೇ ಹುಟ್ಟಿ ಬೆಳೆದು ಒಮ್ಮೆಯೂ ಅತ್ತ ಹೋಗದವರು ಎಷ್ಟು ಜನ! ಮಣಿಪಾಲದಲ್ಲಿ ವಿಜಯನಾಥ ಶೆಣೈ ಕೆಡವುವ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಒಬ್ಬ ಮನುಷ್ಯನ ಹಟ ಅದು.

ಇಂಥದ್ದನ್ನು ಪಡೆಯುವುದು ಸುಲಭ, ಸಾಕುವುದು ಕಷ್ಟ. ನಮ್ಮ ಕಡೆ ಜೂನ್ ಬಂತೆಂದರೆ ಗೋಡೆಯೇ ಬೆವರುತ್ತದೆ. ಕ್ಯಾನ್ವಾಸಿಗೆ ಬೂಸಲು, ಮರಕ್ಕೆ ಗೆದ್ದಲು, ಲೋಹಕ್ಕೆ ಉಪ್ಪುಗಾಳಿ. ಉದ್ಘಾಟನೆಗೆ ಶಾಮಿಯಾನ ಹಾಕುವ ದುಡ್ಡಿದೆ, ವರ್ಷವಿಡೀ ತೇವ ತೆಗೆಯುವ ಯಂತ್ರಕ್ಕೆ, ಅದರ ಕರೆಂಟ್ ಬಿಲ್ಲಿಗೆ ಇಲ್ಲ.

ನನ್ನ ದೊಡ್ಡಮಾವ ಮನೆಯ ತಾಳೆಗರಿಗಳನ್ನೆಲ್ಲ ಒಂದು ಸಂಸ್ಥೆಗೆ ಕೊಟ್ಟಿದ್ದರು. ಹಾರ ಹಾಕಿದರು, ಫೋಟೊ ತೆಗೆದರು. ಹತ್ತು ವರ್ಷದ ನಂತರ ನಾವಿಬ್ಬರೂ ನೋಡಲು ಹೋದೆವು. ಕಟ್ಟುಗಳು ಸೋರುವ ಮಾಡಿನ ಕೆಳಗೆ ಪುಡಿಯಾಗಿದ್ದವು. ಮಾವ ಏನೂ ಅನ್ನಲಿಲ್ಲ. ಮನೆಯಲ್ಲಿ ಉಳಿದಿದ್ದ ಹಳೆಯ ನಾಣ್ಯಗಳನ್ನು ಮಾತ್ರ ಮತ್ತೆ ಯಾರಿಗೂ ಕೊಡಲಿಲ್ಲ.