ಕುರ್ದ್ ಜನಾಂಗದ ಊರಿನ ಮೇಲೆ ವಿಷಾನಿಲ ಸುರಿದ ಹಲಬ್ಜಾದಂಥ ದೊಡ್ಡ ಹತ್ಯಾಕಾಂಡಗಳಿದ್ದರೂ ಸದ್ದಾಂ ಹುಸೇನ್‌ಗೆ ದುಜೈಲ್ ಪ್ರಕರಣದಲ್ಲೇ ಗಲ್ಲು ಏಕಾಯಿತು?

ಒಂದೇ ಮಾತಿನಲ್ಲಿ ಹೇಳುವುದಾದರೆ, ಕಾಗದಪತ್ರ ಸಿಕ್ಕಿತ್ತು.

ಬಾಗ್ದಾದಿನಿಂದ ಉತ್ತರಕ್ಕೆ ಸುಮಾರು 60 ಕಿ.ಮೀ. ದೂರದ ದುಜೈಲ್, ಸುನ್ನಿಗಳೇ ಹೆಚ್ಚಿರುವ ಸಲಾಹುದ್ದೀನ್ ಪ್ರಾಂತ್ಯದೊಳಗಿನ ಪುಟ್ಟ ಶಿಯಾ ಊರು. ಖರ್ಜೂರದ ತೋಟಗಳಿಗೆ ಹೆಸರಾದದ್ದು. ಇರಾನ್ ಜೊತೆ ಯುದ್ಧ ನಡೆಯುತ್ತಿದ್ದಾಗ, 1982ರ ಜುಲೈ 8ರಂದು ಇಲ್ಲಿಗೆ ಬಂದ ಸದ್ದಾಂನ ವಾಹನಗಳ ಸಾಲಿನ ಮೇಲೆ ತೋಟಗಳ ಮರೆಯಿಂದ ಗುಂಡು ಹಾರಿತು. ಹಾರಿಸಿದವರು ನಿಷೇಧಿತ ಶಿಯಾ ಇಸ್ಲಾಮಿಕ್ ಪಕ್ಷವಾದ ದಾವಾದವರು. ಕೈಬೆರಳೆಣಿಕೆಯವರು ಮಾಡಿದ್ದಕ್ಕೆ ಇಡೀ ಊರು ಬೆಲೆ ತೆತ್ತಿತು: ನೂರಾರು ಜನರ ಬಂಧನ, ಹೆಂಗಸರು ಮಕ್ಕಳು ಸಮೇತ ಕುಟುಂಬಗಳು ದಕ್ಷಿಣದ ಮರುಭೂಮಿಯ ಶಿಬಿರಕ್ಕೆ, ತೋಟಗಳು ನೆಲಸಮ. 1984ರಲ್ಲಿ ಸದ್ದಾಂ ಸರ್ಕಾರದ ಕ್ರಾಂತಿಕಾರಿ ನ್ಯಾಯಾಲಯ 148 ಮಂದಿಗೆ ಮರಣದಂಡನೆ ವಿಧಿಸಿತು. ಅವರಲ್ಲಿ ಹಲವರು ವಿಚಾರಣೆಯ ಚಿತ್ರಹಿಂಸೆಯಲ್ಲಿ ಆಗಲೇ ಸತ್ತಿದ್ದರು! ಪಟ್ಟಿಯಲ್ಲಿ ಹದಿಹರೆಯದ ಹುಡುಗರೂ ಇದ್ದರು.

ಆ ಮರಣದಂಡನೆಗೆ ಒಪ್ಪಿಗೆ ಕೊಟ್ಟ ಆದೇಶದಲ್ಲಿ ಸದ್ದಾಂನದೇ ಸಹಿ ಇತ್ತು. ಹಲಬ್ಜಾದಲ್ಲಿ, ಕುರ್ದರ ವಿರುದ್ಧ ನಡೆದ ಸೇನಾ ಕಾರ್ಯಾಚರಣೆಯಾದ ಅನ್ಫಾಲ್‌ನಲ್ಲಿ ಸತ್ತವರು ಸಾವಿರ ಸಾವಿರ ಲೆಕ್ಕ. ಆದೇಶದ ಸರಪಳಿಯನ್ನು ಸಾಬೀತುಪಡಿಸಲು ವರ್ಷಗಳೇ ಬೇಕು. ದುಜೈಲ್ ಚಿಕ್ಕದು, ಸಾಕ್ಷಿಗಳು ಬದುಕಿದ್ದರು. ಸಾಲದ್ದಕ್ಕೆ, 2006ರ ಮಾರ್ಚ್‌ನಲ್ಲಿ ಸದ್ದಾಂ ತಾನೇ ಎದ್ದು ನಿಂತು, ಆ 148 ಮಂದಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಿದ್ದೂ ತೋಟ ಕಡಿಸಿದ್ದೂ ನಾನೇ, ಅದರಲ್ಲಿ ಅಪರಾಧವೇನು ಎಂದು ಕೇಳಿದ.

2005ರ ಅಕ್ಟೋಬರ್ 19ಕ್ಕೆ ಶುರುವಾದ ವಿಚಾರಣೆಯ ತೀರ್ಪು 2006ರ ನವೆಂಬರ್ 5ರಂದು ಬಂತು. ಡಿಸೆಂಬರ್ 30ಕ್ಕೆ ಗಲ್ಲು. ಎಡವಿದ್ದು ಈ ಅವಸರದಲ್ಲೇ ಎಂಬುದು ನನ್ನ ಅಭಿಪ್ರಾಯ. ಆಗ ಅನ್ಫಾಲ್ ವಿಚಾರಣೆ ಇನ್ನೂ ನಡೆಯುತ್ತಿತ್ತು. ಆರೋಪಿಯೇ ಇಲ್ಲವಾದ್ದರಿಂದ ಸದ್ದಾಂ ಮೇಲಿನ ಆರೋಪ ಕೈಬಿಟ್ಟರು, ಕುರ್ದರ ಪ್ರಶ್ನೆಗಳಿಗೆ ಅವನ ಬಾಯಿಂದ ಉತ್ತರ ಸಿಗಲೇ ಇಲ್ಲ.